ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್ ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು 1950–60ರ ದಶಕದ, ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಬಳಸುವ ಹ್ಯಾಮ್ (ಹವ್ಯಾಸಿ ರೇಡಿಯೊ) ಟ್ರಾನ್ಸ್‌ಮಿಟರ್‌ಗಳ ಬಗ್ಗೆ. ಇನ್‌ಪುಟ್ 50ರಿಂದ 100 ವಾಟ್, ಮುಂದೆ ಆವರ್ತನ ಹುಟ್ಟಿಸುವ ಕ್ರಿಸ್ಟಲ್ ಅಥವಾ ವಿಎಫ್‌ಒ (ಆವರ್ತನ ಬದಲಿಸಬಲ್ಲ ಆಸಿಲೇಟರ್), ನಡುವೆ ಸಿಗ್ನಲ್ ಬಲಪಡಿಸುವ 6ಸಿಎಲ್6ನಂಥ ಡ್ರೈವರ್ ವಾಲ್ವ್, ಕೊನೆಯಲ್ಲಿ ಒಂದೋ ಎರಡೋ 6146 ಅಥವಾ 807 ವಾಲ್ವ್, ಅದರಾಚೆ ಆಂಟೆನಾಗೆ ಹೊಂದಿಸುವ ಪೈ ನೆಟ್‌ವರ್ಕ್ (ಒಂದು ಕಾಯಿಲ್, ಟ್ಯೂನ್ ಮತ್ತು ಲೋಡ್ ಕೆಪಾಸಿಟರ್). ಹೀತ್‌ಕಿಟ್ ಡಿಎಕ್ಸ್-60, ಜಾನ್ಸನ್ ವೈಕಿಂಗ್ ರೇಂಜರ್ ಈ ಜಾತಿಯವು. ಕೈಯಿಂದ ಕಟ್ಟಿದ ಸೆಟ್‌ಗಳೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿರುತ್ತವೆ. ವಾಲ್ವ್‌ನ ಪ್ಲೇಟ್‌ಗೆ (ಎಲೆಕ್ಟ್ರಾನ್‌ಗಳು ಬಂದು ಸೇರುವ ಎಲೆಕ್ಟ್ರೋಡ್) ಹೋಗುವ ಹೆಚ್ಚಿನ ಡಿಸಿ ವೋಲ್ಟೇಜನ್ನು ಇಲ್ಲಿ ಎಚ್‌ಟಿ ಎಂದು ಕರೆದಿದ್ದೇವೆ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ ಸಿಕ್ಕಿದೆ. ಪ್ಲಗ್ ಹಾಕಿ ಒಮ್ಮೆ ನೋಡಲೇ?

ಬೇಡ. ಹಾಗೆ ನೋಡಲು ಹೋಗಿ ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆ ಸೆಟ್‌ನ ಕಥೆ ಬಹುತೇಕ ಅಲ್ಲಿಗೇ ಮುಗಿಯುತ್ತದೆ. ವಾಲ್ವ್ ಸಿಗುತ್ತದೆ, ಕೆಪಾಸಿಟರ್ ಸಿಗುತ್ತದೆ, ಆದರೆ ಅದೇ ಅಳತೆಯ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ. ದೀರ್ಘಕಾಲ ಸುಮ್ಮನೆ ಕೂತ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳಗಿನ ಆಕ್ಸೈಡ್ ಪದರ ಕ್ಷೀಣಿಸಿರುತ್ತದೆ. ಪೂರ್ತಿ ವೋಲ್ಟೇಜ್ ಒಮ್ಮೆಗೇ ಬಿದ್ದಾಗ ಅದು ಶಾರ್ಟ್‌ನಂತೆ ವರ್ತಿಸಿ, ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಮತ್ತು ಟ್ರಾನ್ಸ್‌ಫಾರ್ಮರ್ ಎರಡನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಮೊದಲು ಸರ್ಕ್ಯೂಟ್ ಚಿತ್ರ ಹುಡುಕಿ. ಆಮೇಲೆ ಸೆಟ್ ತೆರೆದು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಯಾವ ವಾಲ್ವ್ ಯಾವ ಸಾಕೆಟ್‌ನಲ್ಲಿತ್ತು ಎಂದು ಬರೆದಿಡಿ. ಕರಕಲು ರೆಸಿಸ್ಟರ್, ಟ್ರಾನ್ಸ್‌ಫಾರ್ಮರ್‌ನಿಂದ ಹೊರಬಂದ ಟಾರ್, ಉಬ್ಬಿದ ಕ್ಯಾನ್, ಹಿಂದಿನ ಮಾಲೀಕರು ಸೇರಿಸಿದ ಬೇರೆ ಬಣ್ಣದ ತಂತಿ, ಇವೆಲ್ಲ ಕಣ್ಣಿಗೇ ಕಾಣುತ್ತವೆ. ಯಾರೋ ಮಾಡಿದ ಬದಲಾವಣೆಯನ್ನು ಅರ್ಥವಾಗುವ ತನಕ ಕಿತ್ತುಹಾಕಬೇಡಿ. ಕೆಲವು ಬದಲಾವಣೆಗಳು ತಯಾರಕರೇ ಆಮೇಲೆ ಸೂಚಿಸಿದ ತಿದ್ದುಪಡಿಗಳಾಗಿರುತ್ತವೆ.

ಒಳಗಿನ ವೋಲ್ಟೇಜ್ ನಿಜಕ್ಕೂ ಅಷ್ಟು ಅಪಾಯವೇ?

ಪ್ರಾಣಾಪಾಯವೇ ಸರಿ. 750 ವೋಲ್ಟ್‌ಗೆ ತುಂಬಿದ 20 ಮೈಕ್ರೋಫ್ಯಾರಡ್ ಫಿಲ್ಟರ್‌ನಲ್ಲಿ ಸುಮಾರು 5.6 ಜೂಲ್ ಶಕ್ತಿ ಇರುತ್ತದೆ, ಮತ್ತು ಸೆಟ್ ಆನ್ ಇದ್ದಾಗ ಅದರ ಬೆನ್ನಿಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಆಫ್ ಮಾಡಿದ ಮೇಲೆ ಈ ಚಾರ್ಜನ್ನು ಇಳಿಸುವ ಕೆಲಸ ಬ್ಲೀಡರ್ ರೆಸಿಸ್ಟರ್‌ನದು. ಬ್ಲೀಡರ್ 50 ಕಿಲೋ ಓಮ್ ಇದ್ದರೆ ಐದು ಸೆಕೆಂಡಿನಲ್ಲಿ ಕೆಪಾಸಿಟರ್ ಬಹುತೇಕ ಖಾಲಿ. ಆದರೆ ಹಳೆಯ ಸೆಟ್‌ಗಳಲ್ಲಿ ಕಡಿದುಹೋಗಿರುವ ಭಾಗಗಳಲ್ಲಿ ಬ್ಲೀಡರ್ ಮುಂಚೂಣಿಯಲ್ಲಿದೆ. ಅದು ಕಡಿದಿದ್ದರೆ ಚಾರ್ಜ್ ಗಂಟೆಗಟ್ಟಲೆ ಹಾಗೇ ನಿಲ್ಲುತ್ತದೆ.

ಒಂದು ಡಿಸ್ಚಾರ್ಜ್ ಕೋಲು ಮಾಡಿಕೊಳ್ಳಿ. ಒಂದಡಿಗೂ ಉದ್ದದ ಒಣ ಪ್ಲಾಸ್ಟಿಕ್ ಅಥವಾ ಫೈಬರ್ ಕೋಲಿನ ತುದಿಗೆ ಲೋಹದ ಕೊಕ್ಕೆ, ಕೊಕ್ಕೆಯಿಂದ 100 ಓಮ್, 10 ವಾಟ್ ವೈರ್‌ವೌಂಡ್ ರೆಸಿಸ್ಟರ್ ಮೂಲಕ ಚಾಸಿಗೆ (ಸೆಟ್‌ನ ಲೋಹದ ಚೌಕಟ್ಟಿಗೆ) ದಪ್ಪ ತಂತಿ. ಪ್ಲಗ್ ಕಿತ್ತು, ಅರ್ಧ ನಿಮಿಷ ಕಾದು, ಕೊಕ್ಕೆಯನ್ನು ಎಚ್‌ಟಿ ಮೇಲೆ ಇಡಿ, ನಂತರ ಮೀಟರ್‌ನಲ್ಲಿ ಸೊನ್ನೆ ನೋಡಿ, ಕೆಲಸ ಮುಗಿಯುವ ತನಕ ಕೊಕ್ಕೆಯನ್ನು ಅಲ್ಲೇ ಬಿಡಿ. ಅಳತೆ ಮಾಡುವಾಗ ಎಡಗೈ ಜೇಬಿನಲ್ಲಿರಲಿ. ಸೆಟ್ ಆಫ್ ಇದ್ದಾಗಲೇ ಕ್ಲಿಪ್ ಸಿಕ್ಕಿಸಿ, ಕೈ ಹಿಂದೆ ತೆಗೆದು, ಆಮೇಲೆ ಆನ್ ಮಾಡುವುದು ಇನ್ನೂ ಒಳ್ಳೆಯದು. 600 ವೋಲ್ಟ್ ಮಿತಿಯ ಮಲ್ಟಿಮೀಟರ್ ಈ ಕೆಲಸಕ್ಕೆ ಸಾಲದು. ಕನಿಷ್ಠ 1000 ವೋಲ್ಟ್‌ನದು ಬೇಕು, ಪ್ರೋಬ್ ತಂತಿಗೂ ಅಷ್ಟೇ ಮಿತಿ ಇರಬೇಕು. ಒಬ್ಬರೇ ಇರುವಾಗ, ನಿದ್ದೆಗಣ್ಣಿನಲ್ಲಿ ಎಚ್‌ಟಿ ಕೆಲಸ ಮಾಡಬೇಡಿ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ: ಎರಡು ಎಲೆಕ್ಟ್ರೋಲಿಟಿಕ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಸೆಟ್‌ಗಳಲ್ಲಿ ಮೇಲಿನ ಕೆಪಾಸಿಟರ್‌ನ ಲೋಹದ ಕ್ಯಾನ್ ಚಾಸಿಗೆ ತಾಗಿರುವುದಿಲ್ಲ, ಎಚ್‌ಟಿಯ ಅರ್ಧದಷ್ಟು ವೋಲ್ಟೇಜ್‌ನಲ್ಲಿರುತ್ತದೆ. ಅದರ ಮೇಲಿನ ರಟ್ಟಿನ ಕವಚ ಅಲಂಕಾರಕ್ಕಲ್ಲ. ಹರಿದಿದ್ದರೆ ಹೊಸದು ಹಾಕಿ.

ತೊಳೆಯುವುದು, ಒರೆಸುವುದು ಹೇಗೆ?

ಇಲಿ ಗೂಡು ಕಟ್ಟಿದ್ದರೆ ಒಣ ಬ್ರಷ್ ಹಾಕಬೇಡಿ. ಮಾಸ್ಕ್, ಕೈಗವಸು ಹಾಕಿಕೊಂಡು, ಸೋಂಕುನಿವಾರಕದಲ್ಲಿ ನೆನೆಸಿದ ಬಟ್ಟೆಯಿಂದ ತೆಗೆಯಿರಿ, ಏಕೆಂದರೆ ಇಲಿಯ ಹಿಕ್ಕೆಯ ಧೂಳಿನಿಂದ ರೋಗ ಬರಬಹುದು. ಅದರ ಮೂತ್ರ ಚಾಸಿಯ ಲೇಪವನ್ನೂ ತಿನ್ನುತ್ತದೆ. ಮುಂಭಾಗದ ಫಲಕಕ್ಕೆ ಉಗುರುಬೆಚ್ಚನೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಅಕ್ಷರಗಳನ್ನೇ ಅಳಿಸಿಹಾಕುತ್ತದೆ. ವಾಲ್ವ್‌ಗಳ ಮೇಲಿನ ಸಂಖ್ಯೆಯೂ ಹಾಗೆಯೇ ಹೋಗುತ್ತದೆ, ಅದನ್ನು ಉಜ್ಜಬೇಡಿ.

ಬ್ಯಾಂಡ್ ಸ್ವಿಚ್‌ಗೆ ಸ್ಪ್ರೇ ಸುರಿಯುವುದು ದೊಡ್ಡ ತಪ್ಪು. ಸ್ವಿಚ್ಚಿನೊಳಗಿನ ನಿರೋಧಕ ಬಿಲ್ಲೆ (ವೇಫರ್) ಎಣ್ಣೆ ಹೀರಿದರೆ ಧೂಳು ಹಿಡಿದು, ಮುಂದೆ ಅಲ್ಲೇ ಕಿಡಿ ಹಾರುತ್ತದೆ. ಕಾಂಟ್ಯಾಕ್ಟ್ ಕ್ಲೀನರನ್ನು ಹತ್ತಿಯ ಕಡ್ಡಿಗೆ ಹಚ್ಚಿ, ಸಂಪರ್ಕ ಬಿಂದುಗಳಿಗೆ ಮಾತ್ರ ಮುಟ್ಟಿಸಿ, ಸ್ವಿಚ್ಚನ್ನು ಇಪ್ಪತ್ತು ಬಾರಿ ತಿರುಗಿಸಿ. ವಾಲ್ವ್ ಸಾಕೆಟ್‌ಗಳಿಗೂ ಇದೇ. ಸಡಿಲವಾದ ಸಾಕೆಟ್ ಬಾಯಿಯನ್ನು ತೆಳು ಸೂಜಿಯಿಂದ ಬಿಗಿಮಾಡಿ. ಟ್ಯೂನಿಂಗ್ ಕೆಪಾಸಿಟರ್‌ನ ಅಕ್ಷ ಚಾಸಿಗೆ ತಾಗುವ ಸ್ಪ್ರಿಂಗ್ ಸಂಪರ್ಕವನ್ನು ಮರೆಯಬೇಡಿ. ಅಲ್ಲಿ ಕೊಳೆ ಇದ್ದರೆ ಟ್ಯೂನಿಂಗ್ ಎಗರಾಡುತ್ತದೆ, ಜನ ವಾಲ್ವ್ ಬದಲಿಸುತ್ತ ಕೂರುತ್ತಾರೆ.

ಯಾವ ಕೆಪಾಸಿಟರ್ ಬದಲಿಸಬೇಕು, ಯಾವುದನ್ನು ಬಿಡಬೇಕು?

ಮೇಣ ಅಥವಾ ಪ್ಲಾಸ್ಟಿಕ್ ಹೊದಿಕೆಯ ಪೇಪರ್ ಕೆಪಾಸಿಟರ್‌ಗಳನ್ನು ಪರೀಕ್ಷೆಯನ್ನೂ ಮಾಡದೆ ಬದಲಿಸಿ. 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಹಾಕಿ. ಹಳೆಯ 0.05ಕ್ಕೆ ಈಗಿನ 0.047, 0.02ಕ್ಕೆ 0.022 ಮೈಕ್ರೋಫ್ಯಾರಡ್ ಸರಿಹೋಗುತ್ತದೆ. ಒಂದು ಹಂತದ ಪ್ಲೇಟ್‌ನಿಂದ ಮುಂದಿನ ಹಂತದ ಗ್ರಿಡ್‌ಗೆ (ವಾಲ್ವ್‌ನ ಕರೆಂಟನ್ನು ನಿಯಂತ್ರಿಸುವ ಎಲೆಕ್ಟ್ರೋಡ್) ಹೋಗುವ ಕಪ್ಲಿಂಗ್ ಕೆಪಾಸಿಟರ್ ಇವುಗಳಲ್ಲಿ ಅತಿ ಮುಖ್ಯ. ಲೆಕ್ಕ ಹಾಕಿ ನೋಡಿ: ಹಿಂದಿನ ಪ್ಲೇಟ್‌ನಲ್ಲಿ 200 ವೋಲ್ಟ್, ಕೆಪಾಸಿಟರ್‌ನ ಸೋರಿಕೆ 10 ಮೆಗಾ ಓಮ್, ಗ್ರಿಡ್ ರೆಸಿಸ್ಟರ್ 470 ಕಿಲೋ ಓಮ್. ಗ್ರಿಡ್ ಮೇಲೆ ಸುಮಾರು 9 ವೋಲ್ಟ್ ಧನ ವೋಲ್ಟೇಜ್ ಕೂರುತ್ತದೆ, ಆಡಿಯೊ ವಾಲ್ವ್‌ನ ಬಯಾಸ್ (ಗ್ರಿಡ್‌ನ ಸ್ಥಿರ ಋಣ ವೋಲ್ಟೇಜ್) ಅಷ್ಟಕ್ಕೇ ಕೆಡುತ್ತದೆ. ಸಾಧಾರಣ ಮಲ್ಟಿಮೀಟರ್ ಒಂಬತ್ತು ವೋಲ್ಟ್ ಬ್ಯಾಟರಿಯಲ್ಲಿ ಅಳೆದು ಇದೇ ಕೆಪಾಸಿಟರನ್ನು ‘ಸರಿಯಿದೆ’ ಎನ್ನುತ್ತದೆ.

ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸುವುದೇ ಲೇಸು: 8ಕ್ಕೆ 10, 16ಕ್ಕೆ 22, 40ಕ್ಕೆ 47 ಮೈಕ್ರೋಫ್ಯಾರಡ್, ವೋಲ್ಟೇಜ್ ಮಿತಿ ಹಳೆಯದಕ್ಕಿಂತ ಕಡಿಮೆ ಬೇಡ. ಎರಡನ್ನು ಸರಣಿಯಲ್ಲಿ ಹಾಕುವಾಗ ಪ್ರತಿಯೊಂದಕ್ಕೂ ಅಡ್ಡಲಾಗಿ 100 ಕಿಲೋ ಓಮ್, 3 ವಾಟ್ ರೆಸಿಸ್ಟರ್ ಬೇಕು. ಇಲ್ಲದಿದ್ದರೆ ವೋಲ್ಟೇಜ್ ಸಮನಾಗಿ ಹಂಚಿಕೆಯಾಗದೆ ಒಂದು ಸಿಡಿಯುತ್ತದೆ. ವಾಲ್ವ್ ರೆಕ್ಟಿಫೈಯರ್ ಇದ್ದರೆ ಮೊದಲ ಫಿಲ್ಟರನ್ನು ಮನಬಂದಂತೆ ಹೆಚ್ಚಿಸಬೇಡಿ. 5ಯು4ಜಿಬಿಗೆ 40 ಮೈಕ್ರೋಫ್ಯಾರಡ್ ಮಿತಿ, ಅದನ್ನು ಮೀರಿದರೆ ಚಾರ್ಜಿಂಗ್ ಕರೆಂಟ್‌ನ ಶಿಖರಕ್ಕೆ ವಾಲ್ವ್‌ನೊಳಗೆ ಕಿಡಿ ಹಾರುತ್ತದೆ.

ಮೈಕಾ ಮತ್ತು ಸೆರಾಮಿಕ್ ಡಿಸ್ಕ್‌ಗಳನ್ನು ಮುಟ್ಟಬೇಡಿ. ಅವು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ, ತೆಗೆದು ಹಾಕುವಾಗ ಟ್ಯೂನ್ ಆದ ಸರ್ಕ್ಯೂಟ್ ಕದಡುತ್ತದೆ. ಇದಕ್ಕೆ ಒಂದೇ ಅಪವಾದ ಪ್ಲೇಟ್ ಮತ್ತು ಪೈ ನೆಟ್‌ವರ್ಕ್ ನಡುವಿನ ಬ್ಲಾಕಿಂಗ್ ಕೆಪಾಸಿಟರ್, ಸಾಮಾನ್ಯವಾಗಿ 1000 ಪಿಕೋಫ್ಯಾರಡ್ ಆಸುಪಾಸು. ಅದು ಕೈಕೊಟ್ಟರೆ ಪೂರ್ತಿ ಎಚ್‌ಟಿ ಆಂಟೆನಾ ತಂತಿಗೆ ಹೋಗುತ್ತದೆ. ಅನುಮಾನವಿದ್ದರೆ 3 ಕಿಲೋವೋಲ್ಟ್ ಮಿತಿಯದನ್ನು ಹಾಕಿ. ಜೊತೆಗೆ ಔಟ್‌ಪುಟ್ ಸಾಕೆಟ್‌ನಿಂದ ಚಾಸಿಗೆ 2.5 ಮಿಲಿಹೆನ್ರಿ ಆರ್‌ಎಫ್ ಚೋಕ್ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಬ್ಲಾಕಿಂಗ್ ಕೆಪಾಸಿಟರ್ ಶಾರ್ಟ್ ಆದರೆ ಆ ಚೋಕ್ ಎಚ್‌ಟಿಯನ್ನು ನೆಲಕ್ಕಿಳಿಸಿ ಫ್ಯೂಸ್ ಹಾರಿಸುತ್ತದೆ, ಆಂಟೆನಾ ಮುಟ್ಟಿದವರು ಬದುಕುತ್ತಾರೆ.

ಎಣ್ಣೆ ತುಂಬಿದ ದೊಡ್ಡ ಕೆಪಾಸಿಟರ್‌ಗಳ ಮೇಲೆ ಪೈರನಾಲ್, ಇನರ್ಟೀನ್, ಡೈಕನಾಲ್ ಎಂಬ ಹೆಸರಿದ್ದರೆ ಒಳಗಿರುವುದು ಪಿಸಿಬಿ ಎಂಬ ವಿಷಕಾರಿ ಎಣ್ಣೆ. ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕಸದ ಬುಟ್ಟಿಗೆ ಹಾಕದೆ ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಿ.

ರೆಸಿಸ್ಟರ್‌ಗಳು?

ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳ ರೋಧ (ಓಮ್) ವಯಸ್ಸಾದಂತೆ ಮೇಲೇರುತ್ತದೆ. ಒಂದು ಕಾಲು ಬಿಚ್ಚಿ ಅಳೆಯಿರಿ, ಶೇಕಡಾ 20ಕ್ಕಿಂತ ಹೆಚ್ಚು ಏರಿದ್ದನ್ನು ಬದಲಿಸಿ. ಸ್ಕ್ರೀನ್ (ವಾಲ್ವ್‌ನ ಎರಡನೇ ಗ್ರಿಡ್) ಡ್ರಾಪಿಂಗ್, ಗ್ರಿಡ್ ಲೀಕ್, ಮೀಟರ್ ಶಂಟ್, ಬ್ಲೀಡರ್ ಇವನ್ನು ಮೊದಲು ನೋಡಿ. ಮೀಟರ್ ಶಂಟ್ ಏರಿದ್ದರೆ ಮುಳ್ಳು ನಿಜಕ್ಕಿಂತ ಹೆಚ್ಚು ಕರೆಂಟ್ ತೋರಿಸುತ್ತದೆ, ಮಿಕ್ಕ ಎಲ್ಲ ರೋಗನಿರ್ಣಯವೂ ದಾರಿ ತಪ್ಪುತ್ತದೆ. 750 ವೋಲ್ಟ್ ಎಚ್‌ಟಿಗೆ 50 ಕಿಲೋ ಓಮ್ ಬ್ಲೀಡರ್ 11 ವಾಟ್ ಉರಿಸುತ್ತದೆ, ಹಾಗಾಗಿ 25 ವಾಟ್‌ನದು ಹಾಕಿ.

ಮೇನ್ಸ್ ಕಡೆ ಏನು ಮಾಡಬೇಕು?

ಎರಡು ತಂತಿಯ ಹಳೆಯ ಕಾರ್ಡ್ ತೆಗೆದು ಅರ್ತ್ ಇರುವ ಮೂರು ತಂತಿಯದು ಹಾಕಿ. ಅರ್ತ್ ತಂತಿ ನೇರವಾಗಿ ಚಾಸಿಯ ಬೋಲ್ಟ್‌ಗೆ, ಫ್ಯೂಸ್ ಮತ್ತು ಸ್ವಿಚ್ ಫೇಸ್ ತಂತಿಯಲ್ಲಿ. ಮೇನ್ಸ್‌ನಿಂದ ಚಾಸಿಗೆ ಹಾಕಿರುವ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳನ್ನು ಕಡ್ಡಾಯವಾಗಿ ತೆಗೆಯಿರಿ. 230 ವೋಲ್ಟ್‌ನಲ್ಲಿ ಅಂಥದ್ದೊಂದು ಸರಿಯಿದ್ದರೂ 0.7 ಮಿಲಿಆಂಪಿಯರ್ ಚಾಸಿಗೆ ಹರಿಸುತ್ತದೆ, ಶಾರ್ಟ್ ಆದರೆ ಚಾಸಿಯೇ ಮೇನ್ಸ್. ಬದಲಿಗೆ ಮೇನ್ಸ್ ಸುರಕ್ಷತೆಗೆಂದೇ ಮಾಡಿದ ವೈ2 ದರ್ಜೆಯ 4700 ಪಿಕೋಫ್ಯಾರಡ್ ಹಾಕಿ. ಫೇಸ್–ನ್ಯೂಟ್ರಲ್ ನಡುವೆಯಾದರೆ ಎಕ್ಸ್2 ದರ್ಜೆಯದು.

115 ವೋಲ್ಟ್‌ಗೆ ಮಾಡಿದ ಸೆಟ್‌ಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾದಾಗ ಅದರ ಔಟ್‌ಪುಟ್ 120ರ ಬದಲು 110–115ರಲ್ಲಿರಲಿ. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ಹಾಗಾಗಿ ವೋಲ್ಟೇಜ್ ತುಸು ಕಡಿಮೆ ಇಟ್ಟರೆ ಒಳ್ಳೆಯದೇ. ಅಂತಿಮ ತೀರ್ಪು ಹೀಟರ್ ಪಿನ್‌ನಲ್ಲಿ: ಅಲ್ಲಿ 6.3 ವೋಲ್ಟ್ ಆಸುಪಾಸು ಇರಬೇಕು, 5.7ಕ್ಕಿಂತ ಕೆಳಗೆ ಅಥವಾ 6.9ಕ್ಕಿಂತ ಮೇಲೆ ಹೋಗಬಾರದು.

ಮೊದಲ ಬಾರಿ ಆನ್ ಮಾಡುವ ಕ್ರಮ ಯಾವುದು?

ಹೀಟರ್ ಮೊದಲು, ಬಯಾಸ್ ಆಮೇಲೆ, ಎಚ್‌ಟಿ ಎಲ್ಲಕ್ಕೂ ಕೊನೆಗೆ.

1. ಎಲ್ಲ ವಾಲ್ವ್ ತೆಗೆಯಿರಿ. ರೆಕ್ಟಿಫೈಯರ್ ಡಯೋಡ್‌ಗಳಾಗಿದ್ದರೆ ಎಚ್‌ಟಿ ವೈಂಡಿಂಗ್‌ನ ತಂತಿ ಬಿಚ್ಚಿ ಟೇಪ್ ಸುತ್ತಿ. ಮೇನ್ಸ್‌ಗೆ ಸರಣಿಯಲ್ಲಿ 60 ಅಥವಾ 100 ವಾಟ್‌ನ ಫಿಲಮೆಂಟ್ ಬಲ್ಬ್ ಹಾಕಿ ಆನ್ ಮಾಡಿ. ಬಲ್ಬ್ ಮಿಂಚಿ ನಂದಬೇಕು. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರ್‌ನಲ್ಲೋ ಅದರ ತಂತಿಯಲ್ಲೋ ಶಾರ್ಟ್ ಇದೆ.
2. ಹೀಗೇ ಒಂದು ಗಂಟೆ ಬಿಡಿ. ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ಲೋಡ್ ಇಲ್ಲದೆಯೂ ಕೈ ಇಡಲಾಗದಷ್ಟು ಬಿಸಿಯಾದರೆ ಸುತ್ತುಗಳ ನಡುವೆ ಶಾರ್ಟ್ ಇರುತ್ತದೆ.
3. ರೆಕ್ಟಿಫೈಯರ್ ಬಿಟ್ಟು ಮಿಕ್ಕ ವಾಲ್ವ್ ಹಾಕಿ, ಹೀಟರ್ ವೋಲ್ಟೇಜ್ ಮತ್ತು ಬಯಾಸ್ ವೋಲ್ಟೇಜ್ ಅಳೆಯಿರಿ. ಹೀಟರ್‌ಗಳ ಹೊರೆಗೇ ಬಲ್ಬ್ ಹತ್ತಿ ವೋಲ್ಟೇಜ್ ಕುಸಿಯುವುದರಿಂದ ಅಳತೆಯ ಸಮಯದಲ್ಲಿ ಬಲ್ಬ್ ತೆಗೆಯಬೇಕು.
4. ಕೊನೆಯ ಹಂತದ ವಾಲ್ವ್ ತೆಗೆದಿಟ್ಟು, ಅದರ ಪ್ಲೇಟ್ ಕ್ಯಾಪ್ ಯಾವುದಕ್ಕೂ ತಾಗದಂತೆ ಸುತ್ತಿ, ರೆಕ್ಟಿಫೈಯರ್ ಹಾಕಿ, ಬಲ್ಬ್‌ನೊಂದಿಗೆ ಎಚ್‌ಟಿ ಕೊಡಿ.
5. ಎಚ್‌ಟಿ ಸರಿಯಾಗಿ ಏರಿ, ಆಫ್ ಮಾಡಿದಾಗ ಇಳಿದರೆ, ಆಸಿಲೇಟರ್ ಮತ್ತು ಡ್ರೈವರ್ ಪರೀಕ್ಷೆ. ಇಷ್ಟೂ ಮುಗಿದ ಮೇಲೆ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಶಕ್ತಿ ಹೀರುವ ರೆಸಿಸ್ಟರ್) ಹಾಕಿ ಕೊನೆಯ ವಾಲ್ವ್.

ವೇರಿಯಾಕ್‌ನಲ್ಲಿ (ವೋಲ್ಟೇಜ್ ಏರಿಳಿಸಬಲ್ಲ ಟ್ರಾನ್ಸ್‌ಫಾರ್ಮರ್) ನಿಧಾನ ಏರಿಸಿದರೆ ಸಾಲದೇ?

ಡಯೋಡ್ ರೆಕ್ಟಿಫೈಯರ್ ಇದ್ದರೆ ಸಾಕು. ವಾಲ್ವ್ ರೆಕ್ಟಿಫೈಯರ್ ಇದ್ದರೆ ಮೋಸಹೋಗುತ್ತೀರಿ. ಅರ್ಧ ವೋಲ್ಟೇಜ್ ತನಕ ಅದರ ಫಿಲಮೆಂಟ್ ಬಿಸಿಯಾಗುವುದೇ ಇಲ್ಲ, ಎಚ್‌ಟಿ ಸೊನ್ನೆಯಲ್ಲೇ ಇರುತ್ತದೆ, ಮುಂದೆ ಒಮ್ಮೆಲೇ ಜಿಗಿಯುತ್ತದೆ. ಹಳೆಯ ಎಲೆಕ್ಟ್ರೋಲಿಟಿಕನ್ನು ಉಳಿಸಿಕೊಳ್ಳಬೇಕೆಂದರೆ ಸೆಟ್‌ನಿಂದ ಬಿಡಿಸಿ, ಹೊರಗಿನ ಡಿಸಿ ಸಪ್ಲೈಯಿಂದ 47 ಕಿಲೋ ಓಮ್ ಮೂಲಕ ಗಂಟೆಗಳ ಕಾಲ ಹಂತಹಂತವಾಗಿ ಏರಿಸಿ. ನಿಗದಿತ ವೋಲ್ಟೇಜ್‌ನಲ್ಲಿ ಸೋರಿಕೆ ಇಳಿಯುತ್ತ ಬಂದು ಒಂದು ಮಿಲಿಆಂಪಿಯರ್‌ಗಿಂತ ಕೆಳಗೆ ನಿಂತರೆ ಬಳಸಬಹುದು.

866ಎ ಪಾದರಸದ ರೆಕ್ಟಿಫೈಯರ್ ಇರುವ ಸೆಟ್‌ಗೆ ಬೇರೆಯೇ ಶಿಸ್ತು ಬೇಕು. ಫಿಲಮೆಂಟ್ ಕನಿಷ್ಠ 30 ಸೆಕೆಂಡ್ ಕಾದ ಮೇಲಷ್ಟೇ ಎಚ್‌ಟಿ. ಸಾಗಿಸಿದ ಬಳಿಕ ಪಾದರಸ ಎಲ್ಲೆಡೆ ಚೆಲ್ಲಿರುತ್ತದೆ, ಮೊದಲ ಸಲ ಅರ್ಧ ಗಂಟೆಯಾದರೂ ಬರೀ ಫಿಲಮೆಂಟ್ ಉರಿಸಿ.

5ಯು4 ಬದಲು ಸಿಲಿಕಾನ್ ಡಯೋಡ್ ಹಾಕಬಹುದೇ?

ಹಾಕಬಹುದು, ಆದರೆ ಒಳ್ಳೆಯ 5ಯು4 ಇರುವಾಗ ಅಗತ್ಯವಿಲ್ಲ. ಡಯೋಡ್ ಹಾಕಿದರೆ ವಾಲ್ವ್‌ನಲ್ಲಿ ನಷ್ಟವಾಗುತ್ತಿದ್ದ 40–50 ವೋಲ್ಟ್ ಎಚ್‌ಟಿಗೆ ಸೇರುತ್ತದೆ, ಮತ್ತು ಮಿಕ್ಕ ವಾಲ್ವ್‌ಗಳು ಕಾಯುವ ಮುನ್ನವೇ ಎಚ್‌ಟಿ ಪೂರ್ತಿ ಏರಿ ಕೆಪಾಸಿಟರ್‌ಗಳ ಮಿತಿ ಮುಟ್ಟುತ್ತದೆ. 600-0-600 ವೈಂಡಿಂಗ್‌ನಲ್ಲಿ ಪ್ರತಿ ಬದಿಯ ಡಯೋಡ್ ಮೇಲೆ ಬೀಳುವ ಹಿಮ್ಮುಖ ಶಿಖರ ಸುಮಾರು 1700 ವೋಲ್ಟ್. ಬದಿಗೆ ಮೂರು 1ಎನ್4007 ಸರಣಿಯಲ್ಲಿ ಬೇಕು.

ಬಯಾಸ್‌ಗೆ ಇಷ್ಟು ಒತ್ತು ಯಾಕೆ?

ಕೊನೆಯ ವಾಲ್ವನ್ನು ಹದ್ದುಬಸ್ತಿನಲ್ಲಿಡುವುದು ಅದೊಂದೇ. 6146ರ ಐದನೇ ಪಿನ್ ಗ್ರಿಡ್. ಸ್ಥಿರ ಬಯಾಸ್ ಇರುವ ಸೆಟ್‌ನಲ್ಲಿ, ಕೀ (ಮೋರ್ಸ್ ಸಂಕೇತ ಕಳಿಸುವ ಒತ್ತುಗುಂಡಿ) ಒತ್ತದಿದ್ದಾಗ, ಅಲ್ಲಿ ಸರ್ಕ್ಯೂಟ್ ಚಿತ್ರ ಹೇಳುವಷ್ಟು ಋಣ ವೋಲ್ಟೇಜ್ ಇರಬೇಕು. ಸಿ ದರ್ಜೆಯಲ್ಲಿ (ಪ್ರತಿ ಆವರ್ತದ ಸ್ವಲ್ಪ ಭಾಗ ಮಾತ್ರ ವಾಲ್ವ್ ಕರೆಂಟ್ ಹರಿಸುವ ಬಗೆ) ಇದು ಸಾಮಾನ್ಯವಾಗಿ 50ರಿಂದ 90 ವೋಲ್ಟ್ ನಡುವೆ. ಇಲ್ಲವೆಂದರೆ ಎಚ್‌ಟಿ ಕೊಟ್ಟ ಕೆಲವೇ ಸೆಕೆಂಡಿನಲ್ಲಿ ವಾಲ್ವ್ ಹಾಳು.

ಬಯಾಸ್ ಸಪ್ಲೈಯಲ್ಲಿ ಸೆಲೆನಿಯಮ್ ರೆಕ್ಟಿಫೈಯರ್ ಇದ್ದರೆ ಕಾಯದೆ ಬದಲಿಸಿ. ಅದು ಸುಟ್ಟಾಗ ಬರುವ ಕೊಳೆತ ವಾಸನೆಯ ಹೊಗೆ ವಿಷ. 1ಎನ್4007 ಹಾಕಿದರೆ ಬಯಾಸ್ ಕೆಲವು ವೋಲ್ಟ್ ಹೆಚ್ಚುತ್ತದೆ. ಸರಣಿ ರೆಸಿಸ್ಟರ್ ಸೇರಿಸಿ ಮೂಲ ಅಳತೆಗೆ ತನ್ನಿ. ಡಯೋಡ್ ದಿಕ್ಕನ್ನು ಎರಡು ಸಲ ನೋಡಿ, ಇಲ್ಲಿ ಬೇಕಿರುವುದು ಋಣ ವೋಲ್ಟೇಜ್.

ಸ್ಥಿರ ಬಯಾಸ್ ಇಲ್ಲದೆ, ಡ್ರೈವ್‌ನಿಂದ (ಡ್ರೈವರ್ ಕೊಡುವ ಸಿಗ್ನಲ್) ಬರುವ ಗ್ರಿಡ್ ಕರೆಂಟೇ ಬಯಾಸ್ ಹುಟ್ಟಿಸುವ ಸೆಟ್‌ಗಳೂ ಇವೆ. 22 ಕಿಲೋ ಓಮ್ ಮೂಲಕ 3 ಮಿಲಿಆಂಪಿಯರ್ ಹರಿದರೆ 66 ವೋಲ್ಟ್ ಸಿಗುತ್ತದೆ. ಡ್ರೈವ್ ನಿಂತರೆ? ಆಗ ಕಾಪಾಡುವುದು ಕ್ಲ್ಯಾಂಪ್ ವಾಲ್ವ್, ಹೆಚ್ಚಾಗಿ 6ವೈ6 ಅಥವಾ 6ಎಕ್ಯೂ5. ಡ್ರೈವ್ ಇಲ್ಲವಾದ ಕೂಡಲೇ ಅದು ಕರೆಂಟ್ ಹರಿಸಿ ಸ್ಕ್ರೀನ್ ವೋಲ್ಟೇಜನ್ನು ಕೆಳಗೆಳೆಯುತ್ತದೆ. ಕ್ಲ್ಯಾಂಪ್ ವಾಲ್ವ್ ಸತ್ತಿದ್ದರೂ ಸೆಟ್ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಒಂದು ದಿನ ಕ್ರಿಸ್ಟಲ್ ಆಂದೋಲನ ನಿಲ್ಲಿಸಿದಾಗ ಮಾತ್ರ ಗೊತ್ತಾಗುತ್ತದೆ. ಆ ವಾಲ್ವನ್ನು ಮೊದಲೇ ಪರೀಕ್ಷಿಸಿ.

ಪರೀಕ್ಷಕ ಯಂತ್ರವಿಲ್ಲದೆ ವಾಲ್ವ್ ನೋಡುವುದು ಹೇಗೆ?

ಗಾಜಿನ ಒಳಗಿನ ಬೆಳ್ಳಿಯಂಥ ಗೆಟರ್ (ಉಳಿದ ಅನಿಲ ಹೀರುವ ಲೇಪ) ಕಲೆ ಬಿಳಿ ಪುಡಿಯಾಗಿದ್ದರೆ ಗಾಳಿ ಹೊಕ್ಕಿದೆ, ಎಸೆಯಿರಿ. ಹೀಟರ್‌ಗೆ ಓಮ್ ಮೀಟರ್ ಇಡಿ: 6146ರಲ್ಲಿ 2 ಮತ್ತು 7ನೇ ಪಿನ್ ನಡುವೆ ಒಂದೆರಡು ಓಮ್ ಬರಬೇಕು. ಕೆಲಸ ಮಾಡುವಾಗ ಗಾಜಿನ ಒಳಮೈ ಮೇಲೆ ಕಾಣುವ ನೀಲಿ ಹೊಳಪಿಗೆ ಹೆದರಬೇಡಿ. ಎಲೆಕ್ಟ್ರೋಡ್‌ಗಳ ನಡುವೆ ನೇರಳೆ–ಗುಲಾಬಿ ಮಂಜು ತುಂಬಿಕೊಂಡರೆ ಅದು ಗ್ಯಾಸ್. ಅಂಥ ವಾಲ್ವ್ ಗ್ರಿಡ್‌ಗೆ ಹಿಮ್ಮುಖ ಕರೆಂಟ್ ಹರಿಸಿ ತನ್ನ ಬಯಾಸನ್ನು ತಾನೇ ಕೆಡಿಸಿಕೊಳ್ಳುತ್ತದೆ.

6146ರ ಜಾಗದಲ್ಲಿ 6146ಬಿ ಹಾಕಬಹುದೇ?

ಸಾಕೆಟ್, ಹೀಟರ್ ವೋಲ್ಟೇಜ್ ಎರಡೂ ಒಂದೇ. 6146ಬಿ ಹೆಚ್ಚು ಶಾಖ ತಾಳುತ್ತದೆ: 6146ರ ಹವ್ಯಾಸಿ ಬಳಕೆಯ ಮಿತಿ 25 ವಾಟ್, ಬಿ ಮಾದರಿಯದು 35. ಆದರೂ ಹಳೆಯ 6146ಕ್ಕೆಂದು ರೂಪಿಸಿದ ಕೆಲವು ಸೆಟ್‌ಗಳು ಬಿ ಹಾಕಿದಾಗ ನ್ಯೂಟ್ರಲೈಸ್ ಆಗಲು (ಪ್ಲೇಟ್‌ನಿಂದ ಗ್ರಿಡ್‌ಗೆ ಮರಳುವ ಸಿಗ್ನಲ್ ರದ್ದಾಗಲು) ಹಟ ಮಾಡುತ್ತವೆ, ಮುಖ್ಯವಾಗಿ 21 ಮತ್ತು 28 ಮೆಗಾಹರ್ಟ್ಸ್‌ನಲ್ಲಿ. ಹಾಕಿದರೆ ಮತ್ತೆ ನ್ಯೂಟ್ರಲೈಸ್ ಮಾಡುವುದು ಕಡ್ಡಾಯ. ಜೋಡಿ ವಾಲ್ವ್ ಇರುವಲ್ಲಿ ಒಂದು ಹಳೆಯದು, ಒಂದು ಬಿ ಬೆರೆಸಬೇಡಿ. ಕೊಳ್ಳುವಾಗ ಸಂಖ್ಯೆ ನೋಡಿ: 6883 ನೋಡಲು ಹಾಗೇ ಇರುತ್ತದೆ, ಅದರ ಹೀಟರ್ 12.6 ವೋಲ್ಟ್. 6159ರದು 26.5 ವೋಲ್ಟ್. 807ಕ್ಕೆ 12.6 ವೋಲ್ಟ್‌ನ ಜೊತೆಗಾರ 1625, ಅದರ ಬುಡದಲ್ಲಿ ಏಳು ಪಿನ್.

ಟ್ಯೂನ್ ಮಾಡುವ ಸರಿಯಾದ ವಿಧಾನ?

50 ಓಮ್ ಡಮ್ಮಿ ಲೋಡ್ ಸಿಕ್ಕಿಸಿ. ಮನೆಯ ಬಲ್ಬ್ ಬೇಡ, ಬಿಸಿಯಾದಂತೆ ಅದರ ರೋಧ ಬದಲಾಗುತ್ತದೆ. ಮೊದಲು ಎಚ್‌ಟಿ ಇಲ್ಲದೆ, ಡ್ರೈವರ್ ನಾಬ್ ತಿರುಗಿಸಿ ಗ್ರಿಡ್ ಕರೆಂಟನ್ನು ಒಂಟಿ 6146ಕ್ಕೆ 2.5–3 ಮಿಲಿಆಂಪಿಯರ್‌ಗೆ ತನ್ನಿ. ಆದರೆ ಇದಕ್ಕೆ ಪ್ಲೇಟ್ ಮತ್ತು ಸ್ಕ್ರೀನ್ ಎರಡೂ ಆಫ್ ಇರಬೇಕು. ಪ್ಲೇಟ್ ವೋಲ್ಟೇಜ್ ಇಲ್ಲದೆ ಸ್ಕ್ರೀನ್‌ಗೆ ಮಾತ್ರ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನ್‌ಗಳೆಲ್ಲ ಸ್ಕ್ರೀನ್‌ಗೇ ನುಗ್ಗಿ ಅದನ್ನು ಸುಡುತ್ತವೆ.

ಲೋಡ್ ಕೆಪಾಸಿಟರನ್ನು ಪೂರ್ತಿ ಮುಚ್ಚಿ, ಅದೇ ಕನಿಷ್ಠ ಲೋಡಿಂಗ್. ಕೀ ಒತ್ತಿ, ಟ್ಯೂನ್ ನಾಬನ್ನು ತಕ್ಷಣ ತಿರುಗಿಸಿ ಪ್ಲೇಟ್ ಕರೆಂಟ್ ಕುಸಿಯುವ ಬಿಂದು ಹಿಡಿಯಿರಿ. ಲೋಡ್ ಸ್ವಲ್ಪ ತೆರೆಯಿರಿ, ಕರೆಂಟ್ ಏರುತ್ತದೆ, ಮತ್ತೆ ಟ್ಯೂನ್ ಮಾಡಿ ಕುಸಿಸಿ. 600 ವೋಲ್ಟ್‌ನಲ್ಲಿ 120 ಮಿಲಿಆಂಪಿಯರ್ ಮುಟ್ಟುವ ತನಕ ಹೀಗೆ ಮುಂದುವರಿಸಿ. ಇನ್‌ಪುಟ್ 72 ವಾಟ್, ಹೊರಗೆ ಸುಮಾರು 50 ವಾಟ್ ಬರಬೇಕು. ಕೀ ಒಮ್ಮೆಗೆ ಹತ್ತು ಸೆಕೆಂಡ್ ಮೀರದಿರಲಿ, ನಡುವೆ ಅಷ್ಟೇ ಬಿಡುವು ಕೊಡಿ. ಕೀ ಒತ್ತಿರುವಾಗ ಬ್ಯಾಂಡ್ ಸ್ವಿಚ್ ತಿರುಗಿಸಿದರೆ ಅದರ ಸಂಪರ್ಕಗಳು ಸುಡುತ್ತವೆ.

ಪ್ಲೇಟ್ ಕೆಂಪಗೆ ಕಾಯುತ್ತಿದೆ.

ಕೂಡಲೇ ಆಫ್ ಮಾಡಿ, ಆಮೇಲೆ ಯೋಚಿಸಿ. ಕೀ ಬಿಟ್ಟಾಗಲೂ ಕೆಂಪಾದರೆ ಬಯಾಸ್ ಹೋಗಿದೆ, ಅಥವಾ ಡ್ರೈವರ್‌ನ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ, ಅಥವಾ ಸೆಟ್ ತಾನೇ ಆಂದೋಲಿಸುತ್ತಿದೆ. ಕೀ ಒತ್ತಿದಾಗ ಮಾತ್ರವಾದರೆ ಟ್ಯೂನಿಂಗ್ ತಪ್ಪಿದೆ, ಅಥವಾ ಡ್ರೈವ್ ಸಾಲದು. ಹತ್ತಿಪ್ಪತ್ತು ನಿಮಿಷ ಸರಿಯಾಗಿ ನಡೆದು ನಂತರ ಕೆಂಪೇರುತ್ತ ಹೋದರೆ ಗ್ಯಾಸ್ ತುಂಬಿದ ವಾಲ್ವ್. ಜೋಡಿಯಲ್ಲಿ ಒಂದು ಮಾತ್ರ ಕೆಂಪಾಗುತ್ತಿದ್ದರೆ ವಾಲ್ವ್‌ಗಳನ್ನು ಅದಲುಬದಲು ಮಾಡಿ: ಕೆಂಪು ವಾಲ್ವ್‌ನ ಜೊತೆ ಹೋದರೆ ವಾಲ್ವ್ ದೋಷ, ಸಾಕೆಟ್‌ನಲ್ಲೇ ಉಳಿದರೆ ಅಲ್ಲಿನ ಗ್ರಿಡ್ ಅಥವಾ ಸ್ಕ್ರೀನ್ ಭಾಗಗಳ ದೋಷ.

ಗ್ರಿಡ್ ಕರೆಂಟ್ ಏರುತ್ತಿಲ್ಲ.

ಎಲ್ಲ ಬ್ಯಾಂಡ್‌ಗಳಲ್ಲೂ ಕಡಿಮೆಯಾದರೆ ಡ್ರೈವರ್ ವಾಲ್ವ್ ದುರ್ಬಲ, ಇಲ್ಲವೇ ಅದರ ಸ್ಕ್ರೀನ್ ರೆಸಿಸ್ಟರ್ ಏರಿದೆ. ಮೇಲಿನ ಬ್ಯಾಂಡ್‌ಗಳಲ್ಲಿ ಮಾತ್ರವಾದರೆ ಆವರ್ತನ ಗುಣಿಸುವ ಮಲ್ಟಿಪ್ಲೈಯರ್ ಕಾಯಿಲ್‌ನ ಸ್ಲಗ್ (ಒಳಗಿನ ಫೆರೈಟ್ ತಿರುಪು) ಸರಿದಿದೆ. ಒಂದೇ ಬ್ಯಾಂಡ್‌ನಲ್ಲಾದರೆ ಸ್ವಿಚ್ಚಿನ ಆ ಸಂಪರ್ಕ ಕೊಳಕಾಗಿದೆ. ಸ್ಲಗ್ ತಿರುಗಿಸುವ ಮುನ್ನ ಅದರ ಸ್ಥಾನವನ್ನು ಗುರುತುಮಾಡಿ, ಎಷ್ಟು ಸುತ್ತು ತಿರುಗಿಸಿದಿರಿ ಎಂದು ಎಣಿಸಿ. ಗಟ್ಟಿ ಹಿಡಿದಿರುವ ಸ್ಲಗ್‌ಗೆ ಬಲ ಹಾಕಿದರೆ ಫೆರೈಟ್ ಒಳಗೇ ಒಡೆಯುತ್ತದೆ.

ಟ್ಯೂನ್ ತಿರುಗಿಸುವಾಗ ಮೀಟರ್ ಎಗರುತ್ತದೆ, ಡಿಪ್ (ಪ್ಲೇಟ್ ಕರೆಂಟ್ ಕುಸಿಯುವ ಬಿಂದು) ಒಂದು ಕಡೆ, ಗರಿಷ್ಠ ಔಟ್‌ಪುಟ್ ಇನ್ನೊಂದು ಕಡೆ.

ಎರಡು ಬೇರೆ ಕಾಯಿಲೆಗಳನ್ನು ಇಲ್ಲಿ ಬಿಡಿಸಿ ನೋಡಬೇಕು. ಡಿಪ್ ಮತ್ತು ಗರಿಷ್ಠ ಔಟ್‌ಪುಟ್ ಒಂದೇ ಬಿಂದುವಿನಲ್ಲಿ ಬರದಿದ್ದರೆ ನ್ಯೂಟ್ರಲೈಸೇಶನ್ ಕೆಟ್ಟಿದೆ. ಪ್ಲಗ್ ಕಿತ್ತು, ಡಿಸ್ಚಾರ್ಜ್ ಮಾಡಿ, ಕೊನೆಯ ವಾಲ್ವ್‌ನ ಪ್ಲೇಟ್ ಮತ್ತು ಸ್ಕ್ರೀನ್ ಸಪ್ಲೈ ತಂತಿಗಳನ್ನು ಬಿಚ್ಚಿ. ವಾಲ್ವ್ ಸಾಕೆಟ್‌ನಲ್ಲೇ ಇರಲಿ, ಹೀಟರ್ ಉರಿಯಲಿ. 28 ಮೆಗಾಹರ್ಟ್ಸ್‌ನಲ್ಲಿ ಡ್ರೈವ್ ಕೊಟ್ಟು, ಔಟ್‌ಪುಟ್‌ನಲ್ಲಿ ಆಸಿಲೊಸ್ಕೋಪ್ ಅಥವಾ ಡಯೋಡ್ ಪ್ರೋಬ್ ಇಟ್ಟು, ಟ್ಯೂನ್ ಮತ್ತು ಲೋಡ್‌ಗಳಿಂದ ಸಿಗ್ನಲ್ ಗರಿಷ್ಠ ಮಾಡಿ. ಆಮೇಲೆ ನ್ಯೂಟ್ರಲೈಸಿಂಗ್ ಕೆಪಾಸಿಟರನ್ನು ಲೋಹವಲ್ಲದ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಕನಿಷ್ಠಕ್ಕೆ ತನ್ನಿ. ಎರಡು ಮೂರು ಸಲ ಮಾಡಿದರೆ ನಿಲ್ಲುತ್ತದೆ. ಸ್ಕ್ರೀನ್ ಬೈಪಾಸ್ ಕೆಪಾಸಿಟರ್ ಸತ್ತಿದ್ದರೆ ಎಷ್ಟು ತಿರುಗಿಸಿದರೂ ಕನಿಷ್ಠ ಬಿಂದು ಸಿಗದು.

ಮೀಟರ್ ಎಗರುವುದು, ಅದರಲ್ಲೂ ಡ್ರೈವ್ ಇಲ್ಲದಾಗ, ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನ) ಪ್ಯಾರಾಸಿಟಿಕ್, ಅಂದರೆ ಬೇಡದ ಆಂದೋಲನದ ಲಕ್ಷಣ. ಪ್ಲೇಟ್ ಕ್ಯಾಪ್‌ನ ಬಳಿ 47 ಅಥವಾ 100 ಓಮ್ ರೆಸಿಸ್ಟರ್ ಮೇಲೆ ನಾಲ್ಕಾರು ಸುತ್ತು ತಂತಿ ಸುತ್ತಿದ ಸಪ್ರೆಸರ್ ಇರುತ್ತದೆ. ರೆಸಿಸ್ಟರ್ ಬಣ್ಣಗೆಟ್ಟಿದ್ದರೆ ಬದಲಿಸಿ. ವೈರ್‌ವೌಂಡ್ ಹಾಕಬೇಡಿ, ಅದೇ ಒಂದು ಕಾಯಿಲ್ ಆಗಿಬಿಡುತ್ತದೆ. ಎರಡು ವಾಟ್‌ನ ಕಾರ್ಬನ್ ಅಥವಾ ಸುರುಳಿಯಿಲ್ಲದ ಬಗೆಯದು ಬೇಕು.

ಕ್ರಿಸ್ಟಲ್ ಆಂದೋಲಿಸುತ್ತಿಲ್ಲ. ಹೊಸ ಚಿಕ್ಕ ಕ್ರಿಸ್ಟಲ್ ಹಾಕಬಹುದೇ?

ಎಫ್‌ಟಿ-243 ಹೋಲ್ಡರ್ ಆಗಿದ್ದರೆ ಮುಚ್ಚಳದ ಮೂರು ಸ್ಕ್ರೂ ಬಿಚ್ಚಿ, ಒಳಗಿನ ತೆಳು ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಯಿರಿ. ಎರಡೂ ಲೋಹದ ತಟ್ಟೆಗಳನ್ನೂ ತೊಳೆದು, ಬೆರಳು ತಾಗಿಸದೆ ಹಿಂದಿನ ಕ್ರಮದಲ್ಲೇ ಜೋಡಿಸಿ. ಬಹಳಷ್ಟು ಸತ್ತ ಕ್ರಿಸ್ಟಲ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಎಚ್‌ಸಿ-49 ಮಾದರಿಯ ಇಂದಿನ ಕ್ರಿಸ್ಟಲ್‌ಗಳು ಒಂದು ಮಿಲಿವಾಟ್ ಆಸುಪಾಸಿಗೆ ಮಾಡಿದವು. ಹಳೆಯ ಆಸಿಲೇಟರ್ ಅದರ ಎಷ್ಟೋ ಪಟ್ಟು ಶಕ್ತಿ ಹರಿಸುತ್ತದೆ, ಆವರ್ತನ ಜಾರುತ್ತ ಹೋಗಿ ಕೊನೆಗೆ ಕ್ವಾರ್ಟ್ಸ್ ಬಿರಿಯುತ್ತದೆ. ಹಾಕಲೇಬೇಕೆಂದರೆ ಆಸಿಲೇಟರ್‌ನ ಸ್ಕ್ರೀನ್ ವೋಲ್ಟೇಜ್ ಇಳಿಸಿ, ಕ್ರಿಸ್ಟಲ್‌ಗೆ ಸರಣಿಯಲ್ಲಿ 60 ಮಿಲಿಆಂಪಿಯರ್‌ನ ಪೈಲಟ್ ಬಲ್ಬ್ ಇಡಿ. ಬಲ್ಬ್ ಮಿನುಗಿದರೂ ಆ ಚಿಕ್ಕ ಕ್ರಿಸ್ಟಲ್‌ಗೆ ಅದು ಅತಿಯಾಯಿತು.

ಸ್ವರ ‘ಚಿಂವ್’ ಎನ್ನುತ್ತದೆ, ಆವರ್ತನವೂ ನಿಲ್ಲುತ್ತಿಲ್ಲ.

ಕೀ ಒತ್ತಿದ ಕ್ಷಣ ಆಸಿಲೇಟರ್‌ನ ವೋಲ್ಟೇಜ್ ಕುಸಿದರೆ ಚಿರ್ಪ್ ಬರುತ್ತದೆ. 0ಎ2 ರೆಗ್ಯುಲೇಟರ್ ವಾಲ್ವ್ ಕೀ ಒತ್ತಿದಾಗಲೂ ಹೊಳೆಯುತ್ತಿರಬೇಕು, ಅದರ ಮೇಲೆ 150 ವೋಲ್ಟ್ ನಿಲ್ಲಬೇಕು. ಅದು 5ರಿಂದ 30 ಮಿಲಿಆಂಪಿಯರ್ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಸರಣಿ ರೆಸಿಸ್ಟರ್ ಏರಿದ್ದರೆ ಲೋಡ್ ಬಿದ್ದೊಡನೆ ನಂದಿಹೋಗುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಕೇಳಿಸದ 25 ಹರ್ಟ್ಸ್ ಜಾರುವಿಕೆ ನಾಲ್ಕು ಪಟ್ಟಾಗಿ 28ರಲ್ಲಿ 100 ಹರ್ಟ್ಸ್ ಆಗುತ್ತದೆ, ಹಾಗಾಗಿ ಪರೀಕ್ಷೆ ಮೇಲಿನ ಬ್ಯಾಂಡ್‌ನಲ್ಲೇ ಮಾಡಿ. ವಿಎಫ್‌ಒ ಮೊದಲ ಅರ್ಧ ಗಂಟೆ ನಿಧಾನ ಜಾರುವುದು ಸಹಜ. ಜಿಗಿದು ಜಿಗಿದು ಬದಲಾದರೆ ಒಂದು ಮೈಕಾ ಕೆಪಾಸಿಟರ್ ಅಥವಾ ಸಡಿಲ ಬೆಸುಗೆಯನ್ನು ಶಂಕಿಸಿ.

ಎಲೆಕ್ಟ್ರಾನಿಕ್ ಕೀಯರ್ ನೇರ ಸಿಕ್ಕಿಸಬಹುದೇ?

ಕೂಡದು. ಕ್ಯಾಥೋಡ್ ಕೀಯಿಂಗ್‌ನಲ್ಲಿ ಕೀ ತೆರೆದಿದ್ದಾಗ ಅದರ ತುದಿಗಳ ನಡುವೆ ನೂರಕ್ಕೂ ಹೆಚ್ಚು ವೋಲ್ಟ್ ಇರಬಹುದು. ಗ್ರಿಡ್ ಬ್ಲಾಕ್ ಕೀಯಿಂಗ್‌ನಲ್ಲಿ ವೋಲ್ಟೇಜ್ ಋಣ. ಎರಡೂ ಬಗೆಗೆ ಹೊಂದುವುದು ಒಂದು ಚಿಕ್ಕ ರೀಡ್ ರಿಲೇ. ಕ್ಯಾಥೋಡ್ ಕೀಯಿಂಗ್‌ಗೆ ಸಾಕಷ್ಟು ವೋಲ್ಟೇಜ್ ತಾಳುವ ಮಾಸ್‌ಫೆಟ್ ಕೂಡ ಆಗುತ್ತದೆ. ಕೈಯಿಂದ ಒತ್ತುವ ಕೀ ಬಳಸುವುದಾದರೆ ಅದರ ಲೋಹದ ಚೌಕಟ್ಟು ಚಾಸಿಯ ಬದಿಗೆ ಬರುವಂತೆ ಜೋಡಿಸಿ.

ಎಎಂ (ಆಂಪ್ಲಿಟ್ಯೂಡ್ ಮಾಡ್ಯುಲೇಶನ್) ಧ್ವನಿಯ ಕಡೆ ಏನು ನೋಡಬೇಕು?

ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಆದರೆ ಕೊಳ್ಳುವ ಮೊದಲೇ ಅದರ ಎರಡೂ ವೈಂಡಿಂಗ್‌ಗಳನ್ನು ಓಮ್ ಮೀಟರ್‌ನಲ್ಲಿ ನೋಡಿ. ಕಡಿದಿದ್ದರೆ ಸರಿಮಾಡಲು ಮರುಸುತ್ತುವುದೊಂದೇ ದಾರಿ. ಪ್ಲೇಟ್ ಮಾಡ್ಯುಲೇಶನ್‌ಗೆ ಇನ್‌ಪುಟ್‌ನ ಅರ್ಧದಷ್ಟು ಆಡಿಯೊ ಶಕ್ತಿ ಬೇಕು, 72 ವಾಟ್‌ಗೆ 36. ಪೂರ್ಣ ಮಾಡ್ಯುಲೇಶನ್‌ನ ಶಿಖರದಲ್ಲಿ ಪ್ಲೇಟ್ ವೋಲ್ಟೇಜ್ ಇಮ್ಮಡಿಯಾಗುತ್ತದೆ: 600 ಇದ್ದದ್ದು 1200. ಟ್ಯೂನಿಂಗ್ ಕೆಪಾಸಿಟರ್‌ನ ತಟ್ಟೆಗಳ ನಡುವೆ ಮಾತಾಡಿದಾಗ ಮಾತ್ರ ಕಿಡಿ ಹಾರುವುದು ಇದರಿಂದಲೇ. ಕೊನೆಯ ಹಂತ ಕರೆಂಟ್ ಸೆಳೆಯದಿರುವಾಗ ಮೈಕ್‌ನಲ್ಲಿ ಎಂದೂ ಮಾತಾಡಬೇಡಿ. ಲೋಡ್ ಇಲ್ಲದ ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಮಿತಿ ಮೀರಿ ಒಳಗಿನ ನಿರೋಧಕವನ್ನು ತೂತುಮಾಡುತ್ತದೆ.

ಡಿಎಕ್ಸ್-60ರಂಥವುಗಳಲ್ಲಿ ಈ ಟ್ರಾನ್ಸ್‌ಫಾರ್ಮರೇ ಇಲ್ಲ, ಸ್ಕ್ರೀನ್ ವೋಲ್ಟೇಜನ್ನು ಮಾತಿನೊಡನೆ ಏರಿಳಿಸುತ್ತಾರೆ. ಅಲ್ಲಿ ಮೌನವಾಗಿದ್ದಾಗ ಪ್ಲೇಟ್ ಕರೆಂಟ್ ಕಡಿಮೆ ಇರುವುದು ದೋಷವಲ್ಲ.

ಆಂಟೆನಾಗೆ ಜೋಡಿಸುವ ಮೊದಲು?

ಲೈಸೆನ್ಸ್ ಇರಬೇಕು, ಅದು ಅನುಮತಿಸುವ ಬ್ಯಾಂಡ್ ಮತ್ತು ಶಕ್ತಿಯೊಳಗೇ ಇರಬೇಕು. ಔಟ್‌ಪುಟ್‌ಗೆ 30 ಮೆಗಾಹರ್ಟ್ಸ್ ಲೋ ಪಾಸ್ ಫಿಲ್ಟರ್ ಹಾಕಿ. 7 ಮೆಗಾಹರ್ಟ್ಸ್‌ನ ಎರಡನೇ ಹಾರ್ಮೋನಿಕ್ (ಇಮ್ಮಡಿ ಆವರ್ತನ) 14ರಲ್ಲಿ ಬೀಳುವುದರಿಂದ ಈ ಫಿಲ್ಟರ್ ಅದನ್ನು ತಡೆಯದು, ಆ ಹೊಣೆ ಸರಿಯಾಗಿ ಟ್ಯೂನ್ ಆದ ಪೈ ನೆಟ್‌ವರ್ಕ್‌ನದೇ. ಡಮ್ಮಿ ಲೋಡ್‌ಗೆ ಪ್ರಸಾರ ಮಾಡಿ, ದೂರದ ರಿಸೀವರ್‌ನಲ್ಲಿ 14 ಮತ್ತು 21ರಲ್ಲಿ ನಿಮ್ಮದೇ ಸ್ವರ ಎಷ್ಟು ಕೇಳುತ್ತದೆ ಎಂದು ಆಲಿಸಿ. ಕೀ ಒತ್ತುವಾಗ ಬಿಡುವಾಗ ಆಚೀಚೆ ಕೆಲವು ಕಿಲೋಹರ್ಟ್ಸ್ ತನಕ ‘ಟಕ್ ಟಕ್’ ಎಂದರೆ ಕೀಯಿಂಗ್ ಫಿಲ್ಟರ್‌ನ ಕೆಪಾಸಿಟರ್ ಬದಲಿಸಿ. ಕೊನೆಯಲ್ಲಿ ಕ್ಯಾಬಿನೆಟ್‌ನ ಎಲ್ಲ ಸ್ಕ್ರೂಗಳನ್ನೂ ಹಾಕಿ. ಆರ್‌ಎಫ್ ಒಳಗೇ ಉಳಿಯುವಂತೆ, ಬೆರಳು ಹೊರಗೇ ಉಳಿಯುವಂತೆ ಅಷ್ಟು ಸ್ಕ್ರೂ ಕೊಟ್ಟಿರುತ್ತಾರೆ.